ಪುಣೆಯಿಂದ ಬೆಳಗಾವಿಗೆ ಸೈಕಲ್: ಹೈವೇನಾ, ಒಳರಸ್ತೆನಾ?

ಪ್ರಶ್ನೆ: ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ಡಿಸೆಂಬರ್‌ನಲ್ಲಿ ಊರಿಗೆ, ಅಂದರೆ ಬೆಳಗಾವಿಗೆ, ಸೈಕಲ್ ಮೇಲೇ ಹೋಗುವ ಆಸೆ. ಮನೆಯಲ್ಲಿ ಹೈವೇ ಬೇಡವೇ ಬೇಡ ಅಂತಾರೆ. ಪೂರ್ತಿ ಒಳರಸ್ತೆಯಲ್ಲೇ ಹೋಗಲಾ?

ಉತ್ತರ: ಬೇಡ. ಸುಮಾರು 340 ಕಿಲೋಮೀಟರ್ ಪೂರ್ತಿ ಒಳರಸ್ತೆಯಲ್ಲಿ ತುಳಿದರೆ ಮೂರು ದಿನದ ದಾರಿ ಐದು ದಿನ ಆಗುತ್ತದೆ, ಅದರಿಂದ ಅಪಾಯ ಕಡಿಮೆ ಆಗುತ್ತದೆ ಅಂತೇನೂ ಇಲ್ಲ.

ಮನೆ ಸಾಲಿರುವ ರಸ್ತೆ ನೋಡೋಕೆ ಶಾಂತ. ಆದರೆ ನಿಂತ ಕಾರಿನ ಬಾಗಿಲು ಯಾವಾಗ ತೆರೆಯುತ್ತದೋ, ಗಲ್ಲಿಯಿಂದ ಸ್ಕೂಟರ್ ಯಾವಾಗ ನುಗ್ಗುತ್ತದೋ ಹೇಳೋಕಾಗಲ್ಲ. ಜೊತೆಗೆ ನಾಯಿ, ಹೆಜ್ಜೆಗೊಂದು ಹಂಪ್. ಹಿಂದೆ ಹತ್ತು ಕಿಲೋ ಬ್ಯಾಗ್ ಕಟ್ಟಿಕೊಂಡಾಗ ಹಂಪ್ ಅಂದರೆ ಏನು ಅಂತ ಗೊತ್ತಾಗುತ್ತದೆ. ಹೈವೇಯಲ್ಲಿ ವೇಗ ಜಾಸ್ತಿ ನಿಜ, ಆದರೆ ಎಲ್ಲರೂ ನೇರ ಹೋಗುತ್ತಾರೆ, ಬಿಳಿ ಗೆರೆಯ ಆಚೆ ನಿಮಗೆ ಜಾಗವೂ ಸಿಗುತ್ತದೆ.

ಊರು ದಾಟುವ ತನಕ ಮಾತ್ರ ಒಳಗಿನ ದಾರಿಯೇ ಸರಿ. ಕೋಥ್ರೂಡ್ ಪಕ್ಕದಲ್ಲೇ ಬೈಪಾಸ್ ಇದೆಯಲ್ಲ ಅಂತ ಹತ್ತಬೇಡಿ, ಮುಂದೆ ಕಾತ್ರಜ್ ಹೊಸ ಸುರಂಗದಲ್ಲಿ ಲಾರಿಗಳ ಪಕ್ಕ ಉಸಿರು ಬಿಗಿಹಿಡಿದು ತುಳಿಯಬೇಕಾಗುತ್ತದೆ. ಬೆಳಗಿನ ಜಾವ ಹೊರಟು ಸ್ವಾರಗೇಟ್, ಕಾತ್ರಜ್ ಮೇಲೆ ಹಳೇ ಘಾಟ್ ಹತ್ತಿ. ಅಲ್ಲಿನ ಹಳೇ ಬೋಗದಾ, ಅಂದರೆ ಸುರಂಗ, ಇಕ್ಕಟ್ಟು, ಕತ್ತಲೆ, ಹಿಂದೆ ಮುಂದೆ ಎರಡೂ ಲೈಟ್ ಹಾಕಿಕೊಳ್ಳಿ. ಶಿಂದೇವಾಡಿಯಲ್ಲಿ ಹೈವೇ ಸೇರಬಹುದು.

ಹೈವೇಯಲ್ಲಿ ಹೆದರಬೇಕಾದ್ದು ಹಿಂದಿನ ಲಾರಿಗಿಂತ ಫ್ಲೈಓವರ್‌ಗೆ. ಅಲ್ಲಿ ಅಂಚಿನ ಜಾಗ ದಿಢೀರ್ ಮಾಯ, ಹಾಗಾಗಿ ಕೆಳಗಿನ ಸರ್ವಿಸ್ ರೋಡ್ ಹಿಡಿಯಿರಿ. ರಾಂಗ್ ಸೈಡ್‌ನಲ್ಲಿ ಬರುವ ಬೈಕುಗಳು ಇದ್ದೇ ಇರುತ್ತವೆ. ಇನ್ನೊಂದು ಕಾಟ ತಂತಿ. ಲಾರಿ ಟೈರ್ ಸಿಡಿದಾಗ ಅದರೊಳಗಿನ ಕೂದಲಿನಷ್ಟು ಸಣ್ಣ ತಂತಿ ಅಂಚಿನಲ್ಲೇ ಬಿದ್ದಿರುತ್ತದೆ. ಶಿರವಳ್ ಹತ್ತಿರ ನನಗೆ ಒಂದೇ ಚಕ್ರ ಎರಡು ಸಲ ಪಂಕ್ಚರ್ ಆಯಿತು, ಟ್ಯೂಬ್ ಬದಲಾಯಿಸಿದೆ, ಟೈರ್ ಒಳಗೆ ಕೈಯಾಡಿಸಿ ನೋಡಲಿಲ್ಲ, ಅದೇ ತಪ್ಪು. ಕೊನೆಗೆ ಚಹಾದಂಗಡಿಯವರ ನೇಲ್ ಕಟರ್‌ನಿಂದ ತಂತಿ ಎಳೆದು ತೆಗೆದೆ.

ಒಳರಸ್ತೆಯ ರುಚಿ ಬೇಕೇ ಬೇಕು ಅಂದರೆ ಖಂಬಾಟ್ಕಿ ಘಾಟ್ ಇಳಿದ ಮೇಲೆ ಸುರೂರ್‌ನಲ್ಲಿ ಹೊರಳಿ ವಾಯಿಗೆ ಹೋಗಿ. ಕೃಷ್ಣೆಯ ಘಾಟಿನ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿ, ಆಮೇಲೆ ಪಾಚ್ವಡ್‌ನಲ್ಲಿ ಮತ್ತೆ ಹೈವೇ. ಮೊದಲ ರಾತ್ರಿ ಸಾತಾರಾ, ಎರಡನೇದು ಕೊಲ್ಹಾಪುರ.

ಡಿಸೆಂಬರ್ ಅಂದರೆ ಕಬ್ಬು ನುರಿಸುವ ಕಾಲ ಬೇರೆ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳಿಗೆ ಎಷ್ಟೋ ಸಲ ಹಿಂದೆ ಲೈಟೇ ಇರಲ್ಲ. ಇವು ಹೈವೇಗಿಂತ ಒಳರಸ್ತೆಯಲ್ಲೇ ಜಾಸ್ತಿ. ಸಂಜೆ ಐದೂವರೆಗೆ ಸೈಕಲ್ ನಿಲ್ಲಿಸಿಬಿಡಿ.

ವಾಪಸ್ ಬರುವಾಗ ಶಿಂದೇವಾಡಿಯಲ್ಲೇ ಹೈವೇ ಬಿಡುವುದನ್ನು ಮರೆಯಬೇಡಿ. ಹೈವೇಯ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆ ತನಕ ಇಳಿಜಾರು, ಬ್ರೇಕ್ ಹಿಡಿಯದ ಲಾರಿಗಳ ಅಪಘಾತಕ್ಕೆ ಹೆಸರಾದ ಜಾಗ. ನಾನಂತೂ ಸೈಕಲ್ಲನ್ನು ಬಸ್ಸಿನ ಡಿಕ್ಕಿಗೆ ಹಾಕಿಕೊಂಡು, ನಿದ್ದೆ ಮಾಡುತ್ತಾ ಬಂದೆ.