‘ಇನ್’ ಬಂದಲ್ಲೆಲ್ಲ ‘ಇಲ್ಲ’ ಅಲ್ಲ

ಪೆಟ್ರೋಲ್ ಟ್ಯಾಂಕರಿನ ಹಿಂಬದಿಯಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದಲ್ಲ, ಅದರ ಅರ್ಥವೇನು ಎಂದು ಪ್ರತಿ ವರ್ಷ ಹೊಸ ಬ್ಯಾಚಿನವರನ್ನು ಕೇಳುತ್ತೇನೆ. ಗೈಡ್ ಬಾಯಿಪಾಠ ಮಾಡಿಕೊಂಡು ಬಂದವರು ತಕ್ಷಣ ಕೈ ಎತ್ತುತ್ತಾರೆ: ‘ಇನ್ ಅಂದ್ರೆ ನಾಟ್ ಸರ್, ಬೆಂಕಿ ಹತ್ತಲ್ಲ.’ ಹಿಂದಿನ ಬೆಂಚಿನವನು ನಗುತ್ತಾನೆ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಪೆಟ್ರೋಲ್ ಮಾತ್ರ ಚೆನ್ನಾಗಿ ಗೊತ್ತು.

ತಪ್ಪು ಗೈಡಿನದು. ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ಬಂದ ‘ಇನ್’ ಒಂದಲ್ಲ, ಎರಡು. ಒಂದು, ನಮ್ಮ ‘ಅನ್ಯಾಯ’, ‘ಅನಂತ’ಗಳ ‘ಅ–ಅನ್’ಗೆ ದಾಯಾದಿ, ಇಲ್ಲ ಎನ್ನುವುದೇ ಅದರ ಕಸುಬು. ಇನ್ನೊಂದರ ಅರ್ಥ ‘ಒಳಗೆ’. ಇನ್‌ಹೇಲ್ ಎಂದರೆ ಉಸಿರು ಒಳಗೆ ಎಳೆದುಕೊಳ್ಳುವುದು, ಇಂಪೋರ್ಟ್ ಎಂದರೆ ಸರಕು ಒಳಗೆ ತರುವುದು.

ಬೇರ್ಪಡಿಸುವುದು ಹೇಗೆ? ನಾನು ಹೇಳಿಕೊಡುವ ಉಪಾಯ ಇಷ್ಟೆ. ಕೊನೆಯ ‘ಏಬಲ್’ ಕಿತ್ತು ನೋಡಿ. ‘ಇನ್‌ಫ್ಲೇಮ್’ ಎಂಬ ಕ್ರಿಯಾಪದ ಉಂಟೇ? ಉಂಟು, ಉರಿಸು ಎಂದರ್ಥ. ಹಾಗಾದರೆ ಇನ್‌ಫ್ಲೇಮಬಲ್ ಎಂದರೆ ಉರಿಸಬಹುದಾದದ್ದು. ‘ಇನ್‌ಹ್ಯಾಬಿಟ್’ ಉಂಟು, ಆದ್ದರಿಂದ ಇನ್‌ಹ್ಯಾಬಿಟಬಲ್ ಎಂದರೆ ವಾಸಕ್ಕೆ ಯೋಗ್ಯ, ಯೋಗ್ಯವಲ್ಲ ಎನ್ನಲು ಮುಂದೆ ‘ಅನ್’ ಹಚ್ಚಬೇಕು. ‘ಇನ್‌ವ್ಯಾಲ್ಯೂ’ ಉಂಟೇ? ಇಲ್ಲ. ಅಲ್ಲಿ ‘ಇನ್’ ನಿಜಕ್ಕೂ ನಿಷೇಧವೇ. ಆದರೂ ಇನ್‌ವ್ಯಾಲ್ಯುಯಬಲ್ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಇದಕ್ಕೆ ನನ್ನ ವಿದ್ಯಾರ್ಥಿಗಳು ತಲೆ ಕೆರೆದುಕೊಳ್ಳುವುದು ಕಂಡರೆ ಆಶ್ಚರ್ಯವಾಗುತ್ತದೆ. ನಮ್ಮ ‘ಅಮೂಲ್ಯ’ವೂ ಅದೇ ಅಲ್ಲವೇ? ಮಗಳಿಗೆ ಅಮೂಲ್ಯ ಎಂದು ಹೆಸರಿಡುವವರು ಬೆಲೆಯಿಲ್ಲದವಳು ಎಂದುಕೊಂಡು ಇಡುತ್ತಾರೆಯೇ?

ಟ್ಯಾಂಕರಿನ ಪದದ ವಿಷಯದಲ್ಲಿ ಎಡವಿದವರು ನಮ್ಮವರಷ್ಟೇ ಅಲ್ಲ. ಜನ ತಪ್ಪು ತಿಳಿದು ಅಪಾಯವಾದೀತೆಂದು ಅಮೆರಿಕದ ಅಗ್ನಿಸುರಕ್ಷಾ ತಜ್ಞರು ‘ಇನ್’ ಕಿತ್ತುಹಾಕಿ ‘ಫ್ಲೇಮಬಲ್’ ಎಂದೇ ಬರೆಯಿರಿ ಎಂದರು. ಎರಡರ ಅರ್ಥವೂ ಒಂದೇ.

ಇನ್ನು ‘ಇನ್‌ಫಮಸ್’. ಉಚ್ಚಾರ ‘ಇನ್-ಫೇಮಸ್’ ಅಲ್ಲ, ಒತ್ತು ಮೊದಲ ಅಕ್ಷರಕ್ಕೆ. ಅದು ಅಪ್ರಸಿದ್ಧನಲ್ಲ, ಕುಪ್ರಸಿದ್ಧ. ಊರಿನ ಹೆಸರಾಂತ ವೈದ್ಯರ ಮೇಲೆ ಪ್ರಬಂಧ ಬರೆದ ಹುಡುಗಿಯೊಬ್ಬಳು ‘ಮೊದಲು ಅವರು ಇನ್‌ಫಮಸ್ ಆಗಿದ್ದರು’ ಎಂದು ಬರೆದಿದ್ದಳು. ವೈದ್ಯರು ಓದಲಿಲ್ಲ, ಪುಣ್ಯ.

‘ಇನ್’ ವೇಷ ಮರೆಸಿಕೊಳ್ಳುವುದೂ ಉಂಟು. ಮುಂದಿನ ಅಕ್ಷರಕ್ಕೆ ತಕ್ಕಂತೆ ಇಂಪಾಸಿಬಲ್, ಇಲ್ಲೀಗಲ್, ಇರ್ರೆಗ್ಯುಲರ್ ಎಂದಾಗುತ್ತದೆ. ಉತ್ ಮತ್ತು ಲೇಖ ಸೇರಿ ಉಲ್ಲೇಖ ಆಗುವುದನ್ನು ಹೈಸ್ಕೂಲಿನಲ್ಲೇ ಕಲಿತ ನಮಗೆ ಇದು ಹೊಸತೇನಲ್ಲ. ಆದರೆ ವೇಷ ಎರಡು ‘ಇನ್’ಗಳಿಗೂ ಒಂದೇ. ಇರಿಗೇಷನ್ ಇಲಾಖೆಯ ‘ಇರ್’ ನಿಷೇಧವಲ್ಲ. ಹೊಲದೊಳಕ್ಕೆ ನೀರು ಹಾಯಿಸುವ ‘ಒಳಗೆ’. ಕಾಲುವೆಯ ಕೊನೆಯ ತುದಿಯ ರೈತರು ಇದನ್ನು ಒಪ್ಪಲಿಕ್ಕಿಲ್ಲ, ಅದು ಬೇರೆ ಮಾತು.

ನನಗೆ ಇಷ್ಟವಾದದ್ದು ‘ಇನ್‌ಫೆಂಟ್’. ಲ್ಯಾಟಿನ್ ಮೂಲದಲ್ಲಿ ಅದರರ್ಥ ‘ಮಾತಾಡದ್ದು’, ಅಂದರೆ ಇನ್ನೂ ಮಾತು ಬಾರದ ಕೂಸು. ಇಟಲಿಯಲ್ಲಿ ಆ ಕೂಸು ಬೆಳೆದು ಹುಡುಗನಾಯಿತು, ಹುಡುಗ ಕಾಲಾಳು ಸೈನಿಕನಾದ, ಅಂಥವರ ಪಡೆ ಇನ್‌ಫೆಂಟ್ರಿ ಆಯಿತು. ಬೆಂಗಳೂರು ದಂಡಿನ ಪ್ರದೇಶದ ಇನ್‌ಫೆಂಟ್ರಿ ರಸ್ತೆಯ ಹೆಸರಿನೊಳಗೂ ಆ ಮಾತು ಬಾರದ ಕೂಸು ಕೂತಿದೆ.