ಟೇಪು ಸುಳ್ಳು ಹೇಳಲಿ, ಒಂದೇ ಸುಳ್ಳು ಹೇಳಲಿ

ಅಳತೆ ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುತ್ತದೆ, ಅಲ್ವಾ? ಕೆಟ್ಟಿದೆ ಅಂದುಕೊಂಡು ರಿವೆಟ್ಟಿಗೆ ಸುತ್ತಿಗೆ ಏಟು ಕೊಟ್ಟು ಬಿಗಿ ಮಾಡುವವರಿದ್ದಾರೆ. ಟೇಪು ಕೆಡುವುದು ಆಗಲೇ. ಆ ಸಡಿಲ ಬೇಕೆಂದೇ ಬಿಟ್ಟದ್ದು. ಕೊಕ್ಕೆಯ ತಗಡು ಎಷ್ಟು ದಪ್ಪವೋ ಅಷ್ಟೇ ಅದು ಸರಿಯುತ್ತದೆ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದರೆ ಹೊರಗೆ ಬರುತ್ತದೆ, ಪೆಟ್ಟಿಗೆಯ ಒಳಬದಿಗೆ ಒತ್ತಿದರೆ ಒಳಗೆ ಹೋಗುತ್ತದೆ. ಎರಡೂ ಸಲ ಸೊನ್ನೆ ಸರಿಯಾದ ಜಾಗದಲ್ಲೇ ಇರುತ್ತದೆ.

ಹಾಗಂತ ಟೇಪು ಹೇಳಿದ್ದೆಲ್ಲ ನಿಜವಲ್ಲ. ಯುರೋಪಿನ ನಿಯಮದಲ್ಲಿ ಟೇಪುಗಳಿಗೆ ದರ್ಜೆಗಳಿವೆ. ಎರಡನೇ ದರ್ಜೆಯ ಟೇಪು 5 ಮೀಟರ್ ಉದ್ದಕ್ಕೆ 1.3 ಮಿ.ಮೀ.ವರೆಗೆ ಹೆಚ್ಚು ಕಡಿಮೆ ತೋರಿಸಬಹುದು. ಅಂದರೆ ಎರಡು ಹೊಸ ಟೇಪುಗಳ ನಡುವೆ 2 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೂ ಎರಡೂ ಪಾಸ್!

ನಿಜವಾದ ಉದ್ದಕ್ಕೆ ಹತ್ತಿರ ಇರುವುದು ಒಂದು ಗುಣ. ಪ್ರತಿ ಸಲವೂ ಅದೇ ಉತ್ತರ ಕೊಡುವುದು ಇನ್ನೊಂದು. ಉದ್ದದ ವಿಷಯದಲ್ಲಿ ಬಡಗಿಗೆ ಎರಡನೆಯದೇ ಮುಖ್ಯ. ಮೇಜಿನ ನಾಲ್ಕೂ ಕಾಲು 750 ಮಿ.ಮೀ. ಬದಲು 752 ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದೇ ಕಾಲು 752 ಆದರೆ ಮೇಜು ಕುಂಟುತ್ತದೆ. ಅದಕ್ಕೇ ಒಂದು ಕೆಲಸಕ್ಕೆ ಮೊದಲಿಂದ ಕೊನೆವರೆಗೆ ಒಂದೇ ಟೇಪು. ಇನ್ನೂ ಒಳ್ಳೆಯದು, ಅಳೆಯದೇ ಇರುವುದು. ಗರಗಸದ ಪಕ್ಕ ಒಂದು ಮರದ ತುಂಡು ಬಿಗಿದು, ಹಲಗೆಯನ್ನು ಅದಕ್ಕೆ ತಾಗಿಸಿ ಕೊಯ್ದರೆ ನಾಲ್ಕು ಕಾಲೂ ಒಂದೇ ಉದ್ದ ಬರುತ್ತವೆ. ಪೆನ್ಸಿಲ್ ಗೆರೆಯ ದಪ್ಪ, ಕಣ್ಣಿನ ಓರೆನೋಟ ಯಾವುದೂ ನಡುವೆ ಬರುವುದಿಲ್ಲ.

ಮರವೂ ಸುಮ್ನೆ ಕೂರುವುದಿಲ್ಲ. ಉಕ್ಕಿನ 1 ಮೀಟರ್ ಸ್ಕೇಲು 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಸುಮಾರು 0.12 ಮಿ.ಮೀ. ಹಿಗ್ಗುತ್ತದೆ, ಅಷ್ಟೇ. ಆದರೆ 300 ಮಿ.ಮೀ. ಅಗಲದ ಹಲಗೆ ಗಾಳಿಯ ತೇವ ಹೀರಿಕೊಂಡು 2-3 ಮಿ.ಮೀ. ಅಗಲವಾಗಬಹುದು. ಉದ್ದದಲ್ಲಿ ಮಾತ್ರ ಹೆಚ್ಚೇನೂ ಬದಲಾಗುವುದಿಲ್ಲ. ಇಂಥ ಹಲಗೆಯ ಅಗಲವನ್ನು ಡಿಜಿಟಲ್ ಕ್ಯಾಲಿಪರಿನಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಓದುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ಮೂಲೆಯ ಲೆಕ್ಕವೇ ಬೇರೆ. ಇಲ್ಲಿ ಒಂದೇ ಥರದ ತಪ್ಪು ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ. ಫೋಟೋ ಫ್ರೇಮಿಗೆ 45 ಡಿಗ್ರಿಯ ಎಂಟು ಕೊಯ್ತ ಬೇಕು. ಗರಗಸ ಪ್ರತಿ ಸಲವೂ ಅರ್ಧ ಡಿಗ್ರಿ ಕಡಿಮೆ ಕೊಯ್ದರೆ ಮೂರು ಮೂಲೆ ಚೆನ್ನಾಗಿ ಕೂಡುತ್ತವೆ, ನಾಲ್ಕನೆಯದರಲ್ಲಿ 4 ಡಿಗ್ರಿಯ ಬಿರುಕು ಬಾಯ್ಬಿಡುತ್ತದೆ.

ಆದರೆ ಈ ಕೂಡುವ ಗುಣವೇ ತಪ್ಪು ಹಿಡಿಯಲೂ ಬರುತ್ತದೆ. ಮೂಲೆಮಟ್ಟ, ಅಂದರೆ 90 ಡಿಗ್ರಿ ಮೂಲೆ ನೋಡುವ L ಆಕಾರದ ಉಪಕರಣ, ಸರಿಯಿದೆಯಾ ನೋಡಲು ದುಬಾರಿ ಉಪಕರಣ ಏನೂ ಬೇಡ. ನೇರ ಅಂಚಿನ ಹಲಗೆಗೆ ಅದನ್ನು ಒತ್ತಿ ಹಿಡಿದು ಒಂದು ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಬಿದ್ದರೆ ಮಟ್ಟ ಸರಿ. 200 ಮಿ.ಮೀ. ದೂರದಲ್ಲಿ ಗೆರೆಗಳ ನಡುವೆ 1 ಮಿ.ಮೀ. ಅಂತರ ಕಂಡರೆ, ಮಟ್ಟದ ತಪ್ಪು ಅದರ ಅರ್ಧ: 200ಕ್ಕೆ ಅರ್ಧ ಮಿಲಿಮೀಟರ್.