ತಾಜ್ ಬಾವಡಿ ಮತ್ತೆ ತಿಳಿಯಾಯಿತು, ಮಿಕ್ಕಿದ್ದು ಇನ್ನೂ ಮಣ್ಣಡಿಯಲ್ಲೇ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ನೋಡಿ ಇಬ್ರಾಹಿಂ ರೋಜಾಕ್ಕೆ ಹೊರಡುತ್ತಾರೆ. ಆ ಕಡೆಗೇ, ಮಕ್ಕಾ ದರ್ವಾಜದ ಹತ್ತಿರ ತಾಜ್ ಬಾವಡಿ ಎನ್ನುವ ಮೆಟ್ಟಿಲು ಬಾವಿ ಇದೆ. ಕೆಲವು ವರ್ಷಗಳ ಹಿಂದೆ ಇಲ್ಲಿ ಮೂಗು ಮುಚ್ಚಿಕೊಂಡು ನಿಲ್ಲಬೇಕಿತ್ತು. ಈಗ ಸಮಾಧಾನವಾಗಿ ನಿಂತು ನೋಡುವ ಹಾಗಿದೆ.

ಎದುರಿಗೆ ಒಂದು ಭಾರಿ ಕಮಾನು, ಎಡಬಲಕ್ಕೆ ಎಂಟು ಮೂಲೆಯ ಗೋಪುರಗಳು. ಮೆಟ್ಟಿಲುಗಳು ಕಮಾನಿನ ಕೆಳಗಿನಿಂದಲೇ ಇಳಿಯುತ್ತವೆ. ನೀರಿನ ಮೇಲೆ ಚಾಚಿದ ಅಗಲ ಕಟ್ಟೆಯೊಂದು ಸಿಗುತ್ತದೆ, ಅಲ್ಲಿಂದ ಎರಡೂ ಬದಿಗೆ ಇನ್ನಷ್ಟು ಮೆಟ್ಟಿಲು. ಪೂರ್ವ ಪಶ್ಚಿಮಕ್ಕೆ ದಾರಿಹೋಕರು ತಂಗಲು ಕೋಣೆಗಳು. ಬಾವಿಯೂ ಹೌದು, ಛತ್ರವೂ ಹೌದು.

ಇದನ್ನು 1620ರಲ್ಲಿ ಕಟ್ಟಿಸಿದವನು ಮಲಿಕ್ ಸಂದಲ್. ಇಲ್ಲಿನ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹನ ಬೇಗಂ ತಾಜ್ ಸುಲ್ತಾನಾಳ ಹೆಸರಿಟ್ಟ. ಇಬ್ರಾಹಿಂ ರೋಜಾ ಕೂಡ ಇದೇ ಮಲಿಕ್ ಸಂದಲ್‌ನ ಕೈಕೆಲಸ. ಪ್ರವಾಸಿಗಳು ಅದರ ಫೋಟೋ ತೆಗೆದು, ಇದನ್ನು ಬಿಟ್ಟು ಹೋಗುತ್ತಾರೆ ನೋಡಿ!

ಊರಲ್ಲಿ ನದಿ ಇಲ್ಲ, ಮಳೆಯೂ ಕಮ್ಮಿ. 1565ರ ಯುದ್ಧದಲ್ಲಿ ವಿಜಯನಗರ ಬಿದ್ದ ಮೇಲೆ ಇಲ್ಲಿಗೆ ಜನ ಜಾಸ್ತಿ ಬಂದರು. ಒಂದನೇ ಅಲಿ ಆದಿಲ್ ಶಾಹ ತನ್ನ ಬೇಗಂ ಚಾಂದ್ ಬೀಬಿಯ ಹೆಸರಲ್ಲಿ ಕಟ್ಟಿಸಿದ ಚಾಂದ್ ಬಾವಡಿ ಮುಂದಿನವುಗಳಿಗೆ ಮಾದರಿಯಾಯಿತು.

ಆದರೆ ಬಾವಡಿಗಳಷ್ಟೇ ಊರಿನ ದಾಹ ತೀರಿಸಲಿಲ್ಲ. ಪಶ್ಚಿಮದ ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. 1651ರಲ್ಲಿ ಮೊಹಮ್ಮದ್ ಆದಿಲ್ ಶಾಹನ ಕಾಲಕ್ಕೆ ಬೇಗಂ ತಾಲಾಬ್ ಕೆರೆಯೂ ಸೇರಿತು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಯುತ್ತಿತ್ತು. ಇಳಿಜಾರಲ್ಲಿ ದೂರ ಹರಿದರೆ ಒತ್ತಡಕ್ಕೆ ಕೊಳವೆ ಒಡೆಯುತ್ತದೆ, ಅಲ್ವಾ? ಅದಕ್ಕೇ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎನ್ನುವ ಗೋಪುರ ಕಟ್ಟಿದರು. ನೀರು ಗೋಪುರದೊಳಗೆ ಮೇಲೇರಿ ಒತ್ತಡ ಇಳಿಸಿಕೊಳ್ಳುತ್ತಿತ್ತು, ಕೆಸರು ತಳಕ್ಕೆ ಕೂರುತ್ತಿತ್ತು, ತಿಳಿನೀರು ಮುಂದೆ ಸಾಗುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ. ನನ್ನನ್ನು ಕೇಳಿದರೆ ಈ ಊರಿನ ನಿಜವಾದ ಅಚ್ಚರಿ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿ ಅಲ್ಲ, ಈ ಗಂಜ್‌ಗಳು.

1686ರಲ್ಲಿ ಔರಂಗಜೇಬ ಊರು ಗೆದ್ದ. ಜನ ಚದುರಿದರು. ನೋಡುವವರಿಲ್ಲದೆ ಕೊಳವೆಗಳು ಕಟ್ಟಿಕೊಂಡವು. 1885ರಲ್ಲಿ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಊರು ಮತ್ತೆ ತುಂಬಿಕೊಂಡಿತು. ಬಾವಡಿಗಳಿಗೆ ಕುತ್ತು ಬಂದಿದ್ದು ನಲ್ಲಿ ಬಂದಾಗ. ಕೃಷ್ಣಾ ನದಿಯ ನೀರು ಮನೆಬಾಗಿಲಿಗೇ ಬಂದ ಮೇಲೆ ಕೊಡ ಹಿಡಿದು ಮೆಟ್ಟಿಲಿಳಿಯುವವರು ಯಾರು? ಸುತ್ತಲಿನ ಕಸ ಬಾವಿಗೆ ಬಿತ್ತು. ಗಣಪತಿ ಮೂರ್ತಿಗಳೂ ಇಲ್ಲೇ ಮುಳುಗಿದವು. ನೀರಿಗೆ ಪಾಚಿ ಕಟ್ಟಿತು.

2016-17ರ ಸುಮಾರಿಗೆ ನೀರು ಖಾಲಿ ಮಾಡಿ ಹೂಳೆತ್ತುವ ಕೆಲಸ ನಡೆಯಿತು. ಸ್ಮಾರಕ ಪುರಾತತ್ವ ಇಲಾಖೆಯದ್ದು, ಹಾಗಾಗಿ ಸುಮ್ನೆ ಯಂತ್ರ ಇಳಿಸಿ ಗೋರುವ ಹಾಗಿಲ್ಲ. ಕೆಲಸ ಚೆನ್ನಾಗೇ ಆಯಿತು. ನನ್ನ ತಕರಾರು ಒಂದೇ: ಕಣ್ಣಿಗೆ ಕಾಣುವುದನ್ನು ತೊಳೆದೆವು, ನೆಲದಡಿಯದ್ದನ್ನು ಮರೆತೆವು. ಮನೆಗಳ ನಡುವೆ ನಿಂತ ಗಂಜ್ ತೋರಿಸಿ ಇದೇನು ಅಂತ ಕೇಳಿದರೆ ಉತ್ತರ ಸಿಗುವುದು ಅಪರೂಪ.

ತಾಜ್ ಬಾವಡಿ ನೋಡಿದವರು ಬಿಡುವಿದ್ದರೆ ತೊರವಿಗೂ ಹೋಗಿ. ಸುರಂಗ ಬಾವಡಿ ಎಲ್ಲಿ ಎಂದು ಕೇಳಿ. ನೀರು ಊರಿಗೆ ಹೊರಡುತ್ತಿದ್ದುದು ಅಲ್ಲಿಂದ.